ಕಂಡೆನ್ಸರ್ ಬದಲಿಸಿದರೆ ಹಾಡು ಬದಲಾಗುತ್ತದೆಯೇ?

ಎರಡು ಸೆಂಟಿಮೀಟರ್ ಉದ್ದ, ಅರ್ಧ ಸೆಂಟಿಮೀಟರ್ ದಪ್ಪದ ಗಾಜಿನ ಕೊಳವೆ; ಎರಡೂ ತುದಿಗೆ ಲೋಹದ ಟೋಪಿ, ಒಳಗೆ ಕೂದಲೆಳೆಯಷ್ಟು ಸಣ್ಣ ತಂತಿ. ಆಂಪ್ಲಿಫೈಯರ್‌ನ ಹಿಂಬದಿಯಲ್ಲಿ ಕೂತಿರುವ ಈ ಫ್ಯೂಸು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ. ಇದೇ ಅಳತೆಯ, ಇದೇ ಆಂಪಿಯರ್‌ನ ಫ್ಯೂಸುಗಳಿಗೆ ‘ಆಡಿಯೊಫೈಲ್’ ಎಂಬ ಹಣೆಪಟ್ಟಿ ಹಚ್ಚಿ ನೂರಾರು ಡಾಲರಿಗೆ ಮಾರುವ ಕಂಪನಿಗಳು ಹೊರದೇಶಗಳಲ್ಲಿ ಇವೆ. ಕೊಂಡು ಹಾಕಿಸಿಕೊಂಡವರ ವರ್ಣನೆಯೂ ಕಡಿಮೆಯದ್ದಲ್ಲ: ಗಾಯಕಿ ಉಸಿರೆಳೆದುಕೊಂಡದ್ದು ಕೇಳಿಸಿತಂತೆ, ತಬಲಾದ ಡಗ್ಗ ಬಿಗಿಯಾಯಿತಂತೆ, ತಂಬೂರಿ ಹಿಂದಕ್ಕೆ ಸರಿದು ಕೂತಿತಂತೆ. ಕೆಲವು ಫ್ಯೂಸುಗಳ ಮೇಲೆ ಬಾಣದ ಗುರುತೂ ಇರುತ್ತದೆ. ಬಾಣ ಸರಿಯಾದ ಕಡೆಗೆ ಮುಖ ಮಾಡಿರಬೇಕು, ತಿರುಗಿಸಿ ಹಾಕಿದರೆ ಸಂಗೀತ ಕೆಡುತ್ತದೆ ಎಂದು ಸೂಚನೆ.

ಮನೆಗೆ ಬರುವ ಕರೆಂಟು ಎಸಿ. ಸೆಕೆಂಡಿಗೆ 50 ಆವರ್ತ, ಅಂದರೆ ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುವ ಕರೆಂಟು. ಬಾಣ ಯಾವ ಕಡೆ ತಿರುಗಿದ್ದರೂ ಅರ್ಧ ಹೊತ್ತು ಅದು ತಪ್ಪು ದಿಕ್ಕೇ.

ಉಳಿದದ್ದಕ್ಕೂ ಲೆಕ್ಕ ಕಷ್ಟದ್ದಲ್ಲ. ಆಂಪ್ಲಿಫೈಯರ್ ಜೋರಾಗಿ ಹಾಡುವಾಗ 100 ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಂಡರೆ, 230 ವೋಲ್ಟಿಗೆ ಅದು ಅರ್ಧ ಆಂಪಿಯರ್‌ಗೂ ಕಡಿಮೆ. ಫ್ಯೂಸ್ ತಂತಿಯ ರೋಧ 0.2 ಓಮ್ ಎಂದು ಹಿಡಿದರೆ ಅಲ್ಲಿ ಕಳೆದುಹೋಗುವುದು 0.1 ವೋಲ್ಟಿಗಿಂತ ಕಡಿಮೆ. ನಮ್ಮ ವಿದ್ಯುತ್ ನಿಯಮಗಳೇ ಮನೆಯ ಸರಬರಾಜಿನಲ್ಲಿ ಶೇ 6ರಷ್ಟು ಏರಿಳಿತವನ್ನು ಒಪ್ಪಿಕೊಂಡಿವೆ. ಅಂದರೆ ಹೆಚ್ಚುಕಡಿಮೆ 14 ವೋಲ್ಟ್ ಆಚೀಚೆ. ಪಕ್ಕದ ಮನೆಯ ಗೀಸರ್ ಆನ್ ಆದಾಗ ಇಳಿಯುವ ವೋಲ್ಟೇಜಿನ ಮುಂದೆ ಫ್ಯೂಸಿನದು ಗಣನೆಗೇ ಬರುವುದಿಲ್ಲ. ಇಷ್ಟಾದ ಮೇಲೂ ಆ ಕರೆಂಟು ನೇರವಾಗಿ ಸ್ಪೀಕರಿಗೆ ಹೋಗುವುದಿಲ್ಲ. ಟ್ರಾನ್ಸ್‌ಫಾರ್ಮರ್ ದಾಟಿ, ಡಯೋಡುಗಳಲ್ಲಿ ಡಿಸಿ ಆಗಿ, ದೊಡ್ಡ ಕಂಡೆನ್ಸರ್‌ಗಳಲ್ಲಿ ತುಂಬಿಕೊಂಡ ಮೇಲಷ್ಟೇ ಹಾಡಿನ ಕೆಲಸಕ್ಕೆ ಒದಗುತ್ತದೆ.

ಫ್ಯೂಸಿನ ವಿಷಯದಲ್ಲಿ ನಿಜವಾದ ಅಪವಾದವೊಂದಿದೆ. ಕೆಲವು ಹಳೆಯ ಆಂಪ್ಲಿಫೈಯರ್‌ಗಳಲ್ಲಿ ಸ್ಪೀಕರ್ ಸಾಲಿನಲ್ಲೇ ಒಂದು ಫ್ಯೂಸ್ ಇರುತ್ತದೆ. ಅಲ್ಲಿ ಅದರ ಮೂಲಕ ಹರಿಯುವುದು ಹಾಡೇ. ಬಾಸ್ ದನಿಯ ಒಂದೊಂದು ಅಲೆಗೂ ತಂತಿ ಕಾದು ತಣಿಯುತ್ತ ರೋಧ ಏರಿಳಿದು, ಮೂಲದಲ್ಲಿ ಇಲ್ಲದ ಸ್ವರಗಳು ಸೇರಿಕೊಳ್ಳುವುದನ್ನು ಮೀಟರಿನಲ್ಲಿ ಅಳೆಯಬಹುದು. ಅದಕ್ಕೂ ಮದ್ದು ದುಬಾರಿ ಫ್ಯೂಸ್ ಅಲ್ಲ. ಫ್ಯೂಸ್ ಬೇಡದ ರಕ್ಷಣಾ ಸರ್ಕಿಟ್, ಅದು ರಿಲೇ ಇಟ್ಟು ಮಾಡುವ ಕೆಲಸ. (ಫ್ಯೂಸ್ ಹೋದಾಗ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ಸಿಕ್ಕಿಸುವ ಅಭ್ಯಾಸ ನಮ್ಮಲ್ಲಿ ಇತ್ತಲ್ಲ, ಅದು ಮಾತ್ರ ಯಾವ ಕಾಲಕ್ಕೂ ಅಪ್‌ಗ್ರೇಡ್ ಅಲ್ಲ, ಟ್ರಾನ್ಸ್‌ಫಾರ್ಮರ್ ಸುಡಲು ಕೊಟ್ಟ ರಹದಾರಿ.)

ಹಾಗೆಂದು ಸಣ್ಣ ಬಿಡಿಭಾಗಗಳ ಮಾತೆಲ್ಲ ಬೊಗಳೆ ಎಂದು ತಳ್ಳಿಹಾಕುವಂತಿಲ್ಲ. ಹಳೆಯ ಸೆಟ್ಟು ಬಿಚ್ಚಿ ನಾಲ್ಕು ಕಂಡೆನ್ಸರ್ ಬದಲಿಸಿದ ಮೇಲೆ ಮನೆಮಂದಿಯೆಲ್ಲ ‘ಇದೇನು, ಹೊಸ ಸೆಟ್ಟೇ?’ ಎಂದು ಕೇಳಿದ ಅನುಭವ ರಿಪೇರಿ ಕಸುಬಿನವರಿಗೆಲ್ಲ ಉಂಟು. ಅವರು ಸುಳ್ಳು ಹೇಳುತ್ತಿಲ್ಲ. ಆ ಬದಲಾವಣೆ ಎಲ್ಲಿಂದ ಬಂತು ಎನ್ನುವುದು ಸ್ವಾರಸ್ಯದ ವಿಷಯ.

ಎಲೆಕ್ಟ್ರೊಲಿಟಿಕ್ ಕಂಡೆನ್ಸರ್ ಒಂದನ್ನು ಕತ್ತರಿಸಿ ನೋಡಿದರೆ ಒಳಗೆ ಅಲ್ಯೂಮಿನಿಯಂ ಹಾಳೆಯ ಎರಡು ಪಟ್ಟಿಗಳು, ನಡುವೆ ದ್ರಾವಣದಲ್ಲಿ ನೆನೆಸಿದ ಕಾಗದ, ಮೂರನ್ನೂ ಸೇರಿಸಿ ಸುತ್ತಿದ ಸುರುಳಿ. ಅದನ್ನು ಡಬ್ಬಿಗೆ ತುರುಕಿ ಕೆಳಗೆ ರಬ್ಬರ್ ಬಿರಡೆ ಹಾಕಿರುತ್ತಾರೆ. ಆ ದ್ರಾವಣ ವರ್ಷಗಟ್ಟಲೆ ಬಿರಡೆಯ ಅಂಚಿನಿಂದ ಕಣಕಣವಾಗಿ ಆವಿಯಾಗುತ್ತದೆ. ಡಬ್ಬಿಯ ಮೇಲೆ 85 ಡಿಗ್ರಿ, 2000 ಗಂಟೆ ಎಂಬಂಥ ಖಾತರಿ ಇರುತ್ತದೆ. ಶಾಖ 10 ಡಿಗ್ರಿ ಇಳಿದಂತೆಲ್ಲ ಆಯುಷ್ಯ ದುಪ್ಪಟ್ಟು ಎನ್ನುವುದು ಎಂಜಿನಿಯರುಗಳ ರೂಢಿಯ ಲೆಕ್ಕ. ಪೆಟ್ಟಿಗೆಯ ಒಳಗೆ 45 ಡಿಗ್ರಿ ಇದ್ದರೆ 2000 ಗಂಟೆ 32,000 ಗಂಟೆಯಾಗುತ್ತದೆ. ದಿನಕ್ಕೆ ನಾಲ್ಕು ಗಂಟೆ ಹಾಡು ಹಾಕಿದರೆ ಸುಮಾರು 22 ವರ್ಷ. 1980ರ ದಶಕದಲ್ಲಿ ಕೊಂಡ ಆಂಪ್ಲಿಫೈಯರ್ ಈಗ ಆ ಗಡಿ ದಾಟಿ ಎಷ್ಟೋ ಕಾಲವಾಯಿತು. ಹೀಟ್‌ಸಿಂಕಿಗೆ ಒತ್ತಿಕೊಂಡು ಕೂತ ಕಂಡೆನ್ಸರ್ ಇನ್ನೂ ಬೇಗ ಹೋಗಿರುತ್ತದೆ. ತಯಾರಿಕೆಯಲ್ಲೇ ದ್ರಾವಣ ಕೆಟ್ಟಿದ್ದರಂತೂ ಇಷ್ಟೂ ಕಾಯಬೇಕಿಲ್ಲ. 2000ದ ದಶಕದ ಮೊದಲ ವರ್ಷಗಳಲ್ಲಿ ಡೆಲ್ ಸೇರಿದಂತೆ ಹಲವು ಕಂಪನಿಗಳ ಕಂಪ್ಯೂಟರುಗಳೊಳಗೆ ಕಂಡೆನ್ಸರ್‌ಗಳ ನೆತ್ತಿ ಉಬ್ಬಿ ಒಡೆದದ್ದು ಇದಕ್ಕೇ.

ಒಣಗಿದ ಕಂಡೆನ್ಸರ್ ಹಾಡಿಗೆ ಏನು ಮಾಡುತ್ತದೆ? ಒಂದು ಹಂತದಿಂದ ಇನ್ನೊಂದು ಹಂತಕ್ಕೆ ಸಿಗ್ನಲ್ ದಾಟಿಸುವ ಜಾಗದಲ್ಲಿ 1 ಮೈಕ್ರೊಫ್ಯಾರಡ್‌ನದು ಒಂದಿದೆ, ಮುಂದಿನ ಹಂತದ ರೋಧ 10,000 ಓಮ್ ಎಂದುಕೊಳ್ಳಿ. ಹೊಸದರಲ್ಲಿ ಅದು ಬಾಸ್ ಕತ್ತರಿಸಲು ಶುರುಮಾಡುವುದು 16 ಹರ್ಟ್ಸ್‌ ಹತ್ತಿರ. ಕಿವಿಗೆ ನಿಲುಕದ ಮಾತು. ಒಣಗಿ 0.3ಕ್ಕೆ ಇಳಿದರೆ ಆ ಗಡಿ 53 ಹರ್ಟ್ಸ್‌ಗೆ ಏರುತ್ತದೆ. ಮೃದಂಗದ ತೊಪ್ಪಿಯ ಗುಂಭ, ಬಾಸ್ ಗಿಟಾರಿನ ಕೆಳ ತಂತಿ ಸೊರಗುವುದು ಇಲ್ಲಿ. ಹತ್ತು ಹದಿನೈದು ರೂಪಾಯಿಯ ಮಾಮೂಲಿ ಕಂಡೆನ್ಸರ್ ಹಾಕಿದರೂ ಅದು ವಾಪಸು ಬರುತ್ತದೆ, ಜಪಾನಿನ ಚಿನ್ನದ ಬಣ್ಣದ ‘ಆಡಿಯೊ’ ಕಂಡೆನ್ಸರ್ ಹಾಕಿದರೂ ಬರುತ್ತದೆ. ಎರಡನೆಯದನ್ನು ಹಾಕಿಸಿದವರು ಯಶಸ್ಸನ್ನು ಚಿನ್ನದ ಬಣ್ಣದ ಖಾತೆಗೆ ಬರೆದುಕೊಳ್ಳುತ್ತಾರೆ, ಅಷ್ಟೆ. ಹೊಸ ಕಂಡೆನ್ಸರ್‌ ಬೆಲೆ ಏನೇ ಇರಲಿ, ಆಗಿರುವುದು ರಿಪೇರಿ.

ಫಿಲಿಪ್ಸ್, ಮರ್ಫಿ ಕಾಲದ ವಾಲ್ವ್ ರೇಡಿಯೊ ಇಟ್ಟುಕೊಂಡವರ ಮನೆಯಲ್ಲಿ ಇದು ಇನ್ನೂ ಗಂಭೀರ. ಅಲ್ಲಿನ ಕಾಗದದ ಕಂಡೆನ್ಸರ್ ಸೋರಲು ಶುರುವಾದರೆ ಔಟ್‌ಪುಟ್ ವಾಲ್ವಿನ ಗ್ರಿಡ್‌ಗೆ ಡಿಸಿ ನುಗ್ಗಿ, ವಾಲ್ವ್ ಮಿತಿಮೀರಿ ಕಾದು ಟ್ರಾನ್ಸ್‌ಫಾರ್ಮರನ್ನೂ ಸುಟ್ಟೀತು. ಅದನ್ನು ಬದಲಿಸುವುದು ದನಿಗಿಂತ ಮೊದಲು ಸೆಟ್ಟಿನ ಜೀವದ ಪ್ರಶ್ನೆ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಮನೆಯಲ್ಲೇ ಜೋಡಿಸಿದ ಆಂಪ್ಲಿಫೈಯರ್‌ಗಳದು ಇನ್ನೊಂದು ಕಥೆ. 4440 ಐಸಿಯ ಬೋರ್ಡು, 12–0–12 ಟ್ರಾನ್ಸ್‌ಫಾರ್ಮರ್, ಎರಡು 4007 ಡಯೋಡು, 1000 ಮೈಕ್ರೊಫ್ಯಾರಡ್‌ನ ಒಂದು ಫಿಲ್ಟರ್ ಕಂಡೆನ್ಸರ್, ಮೇಲೆ ಪ್ಲೈವುಡ್ ಅಥವಾ ತಗಡಿನ ಪೆಟ್ಟಿಗೆ. ಎರಡು ಮೂರು ತಲೆಮಾರಿನ ಹುಡುಗರು ಎಲೆಕ್ಟ್ರಾನಿಕ್ಸ್ ಕಲಿತದ್ದೇ ಈ ಬೋರ್ಡಿನ ಮೇಲೆ. ಇಲ್ಲಿ ಸಣ್ಣ ಬದಲಾವಣೆ ನಿಜವಾಗಿಯೂ ಕೇಳಿಸುತ್ತದೆ, ಏಕೆಂದರೆ ಉಳಿತಾಯದ ಭರದಲ್ಲಿ ಕೆಲವು ಭಾಗಗಳು ಮೊದಲಿನಿಂದಲೂ ಸಾಲದಾಗಿದ್ದವು.

ಫಿಲ್ಟರ್ ಕಂಡೆನ್ಸರ್ ಮನೆ ಮೇಲಿನ ನೀರಿನ ಟ್ಯಾಂಕಿನ ಹಾಗೆ: ಸೆಕೆಂಡಿಗೆ 100 ಸಲ ತುಂಬುತ್ತದೆ, ನಡುನಡುವೆ ಖಾಲಿಯಾಗುತ್ತ ಇರುತ್ತದೆ. ಬೋರ್ಡು ಅರ್ಧ ಆಂಪಿಯರ್ ಎಳೆಯುವಾಗ 1000 ಮೈಕ್ರೊಫ್ಯಾರಡ್‌ನಲ್ಲಿ ವೋಲ್ಟೇಜು ಒಂದು ತುಂಬುವಿಕೆಗೂ ಮುಂದಿನದಕ್ಕೂ ನಡುವೆ 5 ವೋಲ್ಟಿನಷ್ಟು ಇಳಿಯುತ್ತದೆ. 17 ವೋಲ್ಟಿನ ಸಪ್ಲೈಯಲ್ಲಿ 5 ವೋಲ್ಟ್ ಎಂದರೆ ಗುಂಯ್‌ಗುಡದೆ ಇನ್ನೇನು ಮಾಡೀತು? 4700 ಹಾಕಿದರೆ ಇಳಿತ ಸುಮಾರು 1 ವೋಲ್ಟಿಗೆ ಬರುತ್ತದೆ. ಹಮ್ಮಿಂಗ್ ತಗ್ಗುತ್ತದೆ, ಡ್ರಮ್ ಬಡಿದಾಗ ದನಿ ಒಡೆಯುವುದೂ ಕಡಿಮೆ. ಸ್ಪೀಕರಿಗೆ ಹೋಗುವ ಸಾಲಿನಲ್ಲಿರುವ 1000 ಮೈಕ್ರೊಫ್ಯಾರಡ್‌ನದೂ ಹೀಗೆಯೇ. 8 ಓಮ್ ಸ್ಪೀಕರಿಗೆ ಅದು 20 ಹರ್ಟ್ಸ್‌ವರೆಗೂ ದಾರಿ ಬಿಡುತ್ತದೆ. ಕಾರಿನಿಂದ ಬಿಚ್ಚಿ ತಂದ 4 ಓಮ್ ಸ್ಪೀಕರ್ ಕಟ್ಟಿದ್ದರೆ 40 ಹರ್ಟ್ಸ್‌ಗೇ ತಡೆಯುತ್ತದೆ. ಅಲ್ಲಿ 2200 ಹಾಕಿದರೆ ಗಡಿ 18ಕ್ಕೆ ಇಳಿದು ಬಾಸ್ ತುಂಬಿಕೊಳ್ಳುತ್ತದೆ. ಇದು ನಂಬಿಕೆಯ ಮಾತಲ್ಲ, ಗುಣಾಕಾರ ಭಾಗಾಕಾರ. ಆದರೆ ಆಸೆಗೆ ಬಿದ್ದು ಫಿಲ್ಟರ್ ಜಾಗಕ್ಕೆ 22,000 ಹಾಕಿದರೆ ಸ್ವಿಚ್ ಹಾಕಿದ ಕ್ಷಣದ ಕರೆಂಟು ತಾಳಲಾರದೆ, ಒಂದು ಆಂಪಿಯರ್ ಸಾಮರ್ಥ್ಯದ 4007 ಡಯೋಡುಗಳು ಸುಟ್ಟುಹೋಗಬಹುದು. ಟ್ಯಾಂಕು ದೊಡ್ಡದು ಮಾಡುವವರು ಡಯೋಡನ್ನೂ ಮೂರು ಆಂಪಿಯರ್‌ನದಕ್ಕೆ ಏರಿಸಬೇಕು.

ಸ್ಪೀಕರ್ ಪೆಟ್ಟಿಗೆಯೊಳಗಿನ ಕ್ರಾಸ್‌ಓವರ್ ಎಲ್ಲಕ್ಕಿಂತ ಮಜವಾದ ಜಾಗ. ಅಗ್ಗದ ಸ್ಪೀಕರ್‌ಗಳಲ್ಲಿ ಟ್ವೀಟರಿಗೆ ಸಾಲಾಗಿ ಒಂದೇ ಒಂದು ಕಂಡೆನ್ಸರ್ ಇರುತ್ತದೆ, ಸಾಮಾನ್ಯವಾಗಿ 4.7 ಮೈಕ್ರೊಫ್ಯಾರಡ್‌ನದು. 8 ಓಮ್ ಟ್ವೀಟರಿನ ಜೊತೆ ಅದು 4200 ಹರ್ಟ್ಸ್‌ನ ಆಸುಪಾಸಿನಿಂದ ಮೇಲಿನ ದನಿಗಳನ್ನು ಬಿಡುತ್ತದೆ. ಹಳತಾಗಿ 3.3ಕ್ಕೆ ಇಳಿದರೆ ಗಡಿ 6000ಕ್ಕೆ ಸರಿಯುತ್ತದೆ. ವೂಫರ್ ಬಿಟ್ಟುಕೊಟ್ಟ, ಟ್ವೀಟರ್ ಇನ್ನೂ ಎತ್ತಿಕೊಳ್ಳದ ಒಂದು ಹಳ್ಳ ನಡುವೆ ಬೀಳುತ್ತದೆ. ಸಾಹಿತ್ಯದ ವ್ಯಂಜನಗಳು ಸ್ಪಷ್ಟವಾಗುವುದು ಹೆಚ್ಚುಕಡಿಮೆ ಈ ಸೀಮೆಯಲ್ಲೇ. ಸ, ಶ, ತ ಮಂಕಾದರೆ ಹಾಡುವವರು ಬಾಯಿಗೆ ಕರವಸ್ತ್ರ ಇಟ್ಟುಕೊಂಡಂತೆ ಕೇಳುವುದು ಸಹಜ.

ಇಲ್ಲಿ ದುಬಾರಿ ಪಾಲಿಪ್ರೊಪಿಲೀನ್ ಫಿಲ್ಮ್ ಕಂಡೆನ್ಸರ್ ಹಾಕಿದವರು ‘ಟ್ರೆಬಲ್ ಅರಳಿತು’ ಎನ್ನುತ್ತಾರೆ. ಅವರು ಕೇಳಿದ್ದು ನಿಜವೇ ಇರಬಹುದು. ಹಳೆಯ ಎಲೆಕ್ಟ್ರೊಲಿಟಿಕ್‌ಗೆ ತನ್ನದೇ ಆದ ಒಳರೋಧ ಇರುತ್ತದೆ. ಅದು ಒಂದು ಓಮ್‌ಗೆ ಏರಿದ್ದರೆ 8 ಓಮ್ ಟ್ವೀಟರಿನ ದನಿ ಒಂದು ಡೆಸಿಬೆಲ್‌ನಷ್ಟು ತಗ್ಗಿರುತ್ತದೆ. ಫಿಲ್ಮ್ ಕಂಡೆನ್ಸರಿನಲ್ಲಿ ಆ ರೋಧ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಟ್ವೀಟರ್ ಒಂದು ಡೆಸಿಬೆಲ್ ಜೋರಾಗುತ್ತದೆ. ವಿನ್ಯಾಸ ಮಾಡಿದ ಎಂಜಿನಿಯರ್ ಎಲೆಕ್ಟ್ರೊಲಿಟಿಕ್‌ನ ಸಹಜ ರೋಧವನ್ನು ಲೆಕ್ಕಕ್ಕೆ ಹಿಡಿದೇ ದನಿಯ ಹದ ಕೂಡಿಸಿದ್ದರೆ, ಈ ‘ಅರಳುವಿಕೆ’ ಅವನು ಬೇಡವೆಂದು ಬಿಟ್ಟ ಕೀಚಲು. ಅರ್ಧ ಓಮ್‌ನ ಪುಟ್ಟ ರೆಸಿಸ್ಟರ್ ಒಂದನ್ನು ಸಾಲಿಗೆ ಸೇರಿಸಿದರೆ ಹದ ಮರಳುತ್ತದೆ. ಕೇಳಿಸಿದ ವ್ಯತ್ಯಾಸವೆಲ್ಲ ಸುಧಾರಣೆ ಎಂದುಕೊಳ್ಳುವುದರಲ್ಲೇ ಈ ಹವ್ಯಾಸದ ಅರ್ಧ ಖರ್ಚು ಅಡಗಿದೆ.

ಐಸಿ ಬದಲಿಸುವ ಚಟಕ್ಕೂ ಇದೇ ಮಾತು. ಬಾಸ್–ಟ್ರೆಬಲ್ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಕಾಣುವುದು 4558 ಎಂಬ ಎಂಟು ಕಾಲಿನ ಆಪ್‌–ಆಂಪ್. ಅದನ್ನು ಕಿತ್ತು ಎನ್‌ಇ5532, ಟಿಎಲ್072, ಒಪಿಎ2134, ಎಲ್‌ಎಂ4562 ಎಂದು ಒಂದಾದ ಮೇಲೊಂದು ಸಿಕ್ಕಿಸಿ ಕೇಳುವವರಿದ್ದಾರೆ. (ಒಪಿಎ2134 ಮಾಡುತ್ತಿದ್ದ ಬರ್–ಬ್ರೌನ್ ಕಂಪನಿಯನ್ನು 2000ದಲ್ಲಿ, ಎಲ್‌ಎಂ4562ರ ನ್ಯಾಷನಲ್ ಸೆಮಿಕಂಡಕ್ಟರನ್ನು 2011ರಲ್ಲಿ ಕೊಂಡುಕೊಂಡದ್ದು 1985ರಿಂದಲೇ ಬೆಂಗಳೂರಿನಲ್ಲಿ ಬೀಡುಬಿಟ್ಟಿರುವ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್. ಪೈಪೋಟಿಯ ದನಿಗಳು ಎಂದು ಹವ್ಯಾಸಿಗಳು ಹೋಲಿಸಿ ನೋಡುವ ಎರಡೂ ಈಗ ಒಂದೇ ಮನೆಯವು.) ಸಿಡಿ ಪ್ಲೇಯರಿನ 2 ವೋಲ್ಟ್ ಸಿಗ್ನಲನ್ನು 20,000 ಹರ್ಟ್ಸ್‌ನಲ್ಲೂ ಹಿಂದೆ ಬೀಳದೆ ಒಯ್ಯಲು ಬೇಕಾದ ವೇಗ ಮೈಕ್ರೊಸೆಕೆಂಡಿಗೆ 0.36 ವೋಲ್ಟ್. ಬಡಪಾಯಿ 4558ಕ್ಕೇ ಒಂದು ವೋಲ್ಟಿನ ವೇಗವಿದೆ, 5532ಕ್ಕೆ ಒಂಬತ್ತು. ಬೇಕಾದದ್ದಕ್ಕಿಂತ 25 ಪಟ್ಟು ವೇಗ ಇದ್ದು ಏನಾಗಬೇಕು? 1980, 90ರ ದಶಕಗಳಲ್ಲಿ ಧ್ವನಿಮುದ್ರಣವಾದ ಅಸಂಖ್ಯಾತ ಹಾಡುಗಳು ಸ್ಟುಡಿಯೊ ಕನ್ಸೋಲಿನಲ್ಲೇ ಹತ್ತಾರು 5532, 5534 ದಾಟಿ ಬಂದಿವೆ ಎಂಬುದನ್ನೂ ನೆನಪಿಡಬೇಕು.

ಐಸಿ ಬದಲಾವಣೆ ನಿಜಕ್ಕೂ ಫಲಿಸುವುದು ಸಿಗ್ನಲ್ ತೀರಾ ಸಣ್ಣದಿರುವ ಕಡೆ, ಉದಾಹರಣೆಗೆ ರೆಕಾರ್ಡ್ ಪ್ಲೇಯರಿನ ಫೋನೊ ಹಂತದಲ್ಲಿ. ಮುಳ್ಳಿನಿಂದ ಬರುವುದು 5 ಮಿಲಿವೋಲ್ಟಿನ ಸಿಗ್ನಲ್, ಅದನ್ನು ನೂರಾರು ಪಟ್ಟು ಹಿಗ್ಗಿಸುವಾಗ ಐಸಿಯ ಸ್ವಂತ ಸುಯ್‌ ಸದ್ದೂ ಹಿಗ್ಗುತ್ತದೆ. ಅಲ್ಲಿ ಕಡಿಮೆ ಸದ್ದಿನ ಐಸಿ ಹಾಕಿದರೆ ಹಾಡುಗಳ ನಡುವಿನ ಮೌನ ಇನ್ನಷ್ಟು ಮೌನವಾಗುತ್ತದೆ. ಉಳಿದೆಡೆ ಬದಲಾವಣೆ ಎಡವಟ್ಟಿಗೂ ದಾರಿ. ಟಿಎಲ್072ಕ್ಕೆಂದು ಮಾಡಿದ ಸರ್ಕಿಟ್‌ನಲ್ಲಿ 5532 ಹಾಕಿದರೆ ಅದರ ಇನ್‌ಪುಟ್ ಎಳೆಯುವ ಸಣ್ಣ ಕರೆಂಟು 100 ಕಿಲೊಓಮ್‌ನಲ್ಲಿ 20 ಮಿಲಿವೋಲ್ಟ್ ಡಿಸಿ ಹುಟ್ಟಿಸುತ್ತದೆ, ವಾಲ್ಯೂಮ್ ತಿರುಗಿಸಿದಾಗೆಲ್ಲ ಕರಕರ. ವೇಗದ ಐಸಿಯನ್ನು ಪಕ್ಕದಲ್ಲೊಂದು 0.1 ಮೈಕ್ರೊಫ್ಯಾರಡ್ ಇಲ್ಲದೆ ಹಳೆಯ ಬೋರ್ಡಿಗೆ ಕೂರಿಸಿದರೆ ಅದು ಕಿವಿಗೆ ಕೇಳದ ಎತ್ತರದಲ್ಲಿ ತಾನೇ ಕಂಪಿಸಲು ತೊಡಗಬಹುದು. ಐಸಿ ಕೈಸುಡುವಷ್ಟು ಕಾಯುತ್ತಿದ್ದರೆ, ಕೇಳುತ್ತಿರುವ ‘ಹೊಸ ವಿವರಗಳು’ ವಿವರಗಳಲ್ಲ. ಮೇಲಿನ ಅಕ್ಷರ ಉಜ್ಜಿ ಬೇರೆ ನಂಬರು ಅಚ್ಚು ಹಾಕಿದ ನಕಲಿ ಐಸಿಗಳ ಹಾವಳಿ ಬೇರೆ.

ಕಂಡೆನ್ಸರ್‌ನ ಜಾತಿಗೂ ದನಿಗೂ ನಂಟಿದೆಯೇ ಎಂಬ ಚರ್ಚೆಗೆ ದೊಡ್ಡ ಚಾಲನೆ ಸಿಕ್ಕಿದ್ದು 1980ರಲ್ಲಿ, ವಾಲ್ಟ್ ಜಂಗ್ ಮತ್ತು ರಿಚರ್ಡ್ ಮಾರ್ಷ್ ಅಮೆರಿಕದ ‘ಆಡಿಯೊ’ ಪತ್ರಿಕೆಯಲ್ಲಿ ಬರೆದ ಲೇಖನದಿಂದ. ಅವರ ಮಾತಿನಲ್ಲಿ ತಥ್ಯವಿತ್ತು. ಕೆಲವು ಬಗೆಯ ಸೆರಾಮಿಕ್ ಕಂಡೆನ್ಸರ್‌ಗಳ ಸಾಮರ್ಥ್ಯ ಮೇಲಿನ ವೋಲ್ಟೇಜಿಗೆ ತಕ್ಕಂತೆ ಬದಲಾಗುತ್ತದೆ. ಸಿಗ್ನಲ್ ದಾರಿಯಲ್ಲಿ ಅವನ್ನಿಟ್ಟರೆ ದನಿ ವಿಕಾರವಾಗುವುದು ಮೀಟರಿನಲ್ಲಿ ಕಾಣುತ್ತದೆ. ಆದರೆ ಒಂದು ಪ್ಲಾಸ್ಟಿಕ್ ಫಿಲ್ಮ್‌ಗೂ ಇನ್ನೊಂದಕ್ಕೂ ಇರುವ ಅಂತರ ಕಿವಿಗೆ ಮುಟ್ಟುತ್ತದೆಯೇ ಎಂಬುದಕ್ಕೆ ಮೀಟರ್ ಸಾಲದು, ಕೇಳಿಯೇ ನೋಡಬೇಕು. ಕಣ್ಣಿಗೆ ಗೊತ್ತಾಗದಂತೆ.

ಆ ಬಗೆಯ ಪರೀಕ್ಷೆಗೆ ಪೆಟ್ಟಿಗೆ ಮಾಡಿದವರು ಮಿಷಿಗನ್ನಿನ ಹವ್ಯಾಸಿಗಳ ಗುಂಪು. ‘ಸೌತ್‌ಈಸ್ಟರ್ನ್ ಮಿಷಿಗನ್ ವೂಫರ್ ಆ್ಯಂಡ್ ಟ್ವೀಟರ್ ಮಾರ್ಚಿಂಗ್ ಸೊಸೈಟಿ’ ಎಂದು ತಮಾಷೆಗೆ ಹೆಸರಿಟ್ಟುಕೊಂಡರೂ ಕೆಲಸ ಗಟ್ಟಿಯಾಗಿಯೇ ಮಾಡಿದರು. ಅವರಲ್ಲೊಬ್ಬರಾದ ಡೇವಿಡ್ ಕ್ಲಾರ್ಕ್ 1982ರಲ್ಲಿ ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಜರ್ನಲ್‌ನಲ್ಲಿ ಆ ಎಬಿಎಕ್ಸ್ ವಿಧಾನವನ್ನು ವಿವರಿಸಿದರು. ಎ ಮತ್ತು ಬಿ ಯಾವುದೆಂದು ಗೊತ್ತಿರುತ್ತದೆ. ಎಕ್ಸ್ ಎಂಬುದು ಎರಡರಲ್ಲಿ ಯಾವುದೆಂದು ಕೇಳುವವರಿಗೂ ಗೊತ್ತಿಲ್ಲ, ಪರೀಕ್ಷೆ ನಡೆಸುವವರಿಗೂ ಗೊತ್ತಿಲ್ಲ. ಎರಡರ ದನಿ ಮಟ್ಟವನ್ನು ಮೊದಲೇ ಮೀಟರಿಟ್ಟು ಸಮ ಮಾಡಬೇಕು. ಒಂದು ಡೆಸಿಬೆಲ್‌ನ ಕಾಲು ಭಾಗ ಜೋರಾದರೂ ಮನಸ್ಸು ಅದನ್ನು ‘ಜೋರು’ ಎನ್ನುವುದಿಲ್ಲ, ‘ಚೆನ್ನಾಗಿದೆ’ ಎನ್ನುತ್ತದೆ.

ಕಣ್ಣಿನ ಪ್ರಭಾವ ಎಷ್ಟೆಂದು 1994ರಲ್ಲಿ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ತೋರಿಸಿಕೊಟ್ಟರು. ಹಾರ್ಮನ್ ಕಂಪನಿಯ ಉದ್ಯೋಗಿಗಳೇ ಪರೀಕ್ಷೆಗೆ ಕೂತವರು, ಅಂದರೆ ಸ್ಪೀಕರ್ ವ್ಯಾಪಾರ ಬಲ್ಲವರು. ಪರದೆಯ ಹಿಂದಿದ್ದಾಗ ಒಳ್ಳೆಯ ಅಂಕ ಪಡೆದ ಅಗ್ಗದ ಪುಟ್ಟ ಸ್ಪೀಕರ್ ಸೆಟ್ಟು, ಪರದೆ ಸರಿಸಿದ ಮೇಲೆ ಅಂಕ ಕಳೆದುಕೊಂಡಿತು.

ಬಾಬ್ ಕಾರ್ವರ್‌ನ ಪ್ರಸಂಗ ಇದರ ಇನ್ನೊಂದು ಮಗ್ಗುಲು. 1985ರಲ್ಲಿ ಈ ಅಮೆರಿಕನ್ ವಿನ್ಯಾಸಕ ‘ಸ್ಟೀರಿಯೊಫೈಲ್’ ಪತ್ರಿಕೆಗೆ ಸವಾಲು ಹಾಕಿದ: ನಿಮಗೆ ಇಷ್ಟವಾದ ಯಾವ ಆಂಪ್ಲಿಫೈಯರನ್ನಾದರೂ ಕೊಡಿ, ನನ್ನ ಅಗ್ಗದ ಆಂಪ್ಲಿಫೈಯರ್ ಅದರಂತೆಯೇ ದನಿ ಮಾಡುವ ಹಾಗೆ 48 ಗಂಟೆಯಲ್ಲಿ ತಿದ್ದಿಕೊಡುತ್ತೇನೆ. ಪತ್ರಿಕೆಯವರು ಹಲವು ಪಟ್ಟು ಬೆಲೆಯ ವಾಲ್ವ್ ಆಂಪ್ಲಿಫೈಯರ್ ಕೊಟ್ಟರು. ಕಾರ್ವರ್ ದುಬಾರಿ ಭಾಗಗಳ ಹಿಂದೆ ಹೋಗಲಿಲ್ಲ. ಎರಡಕ್ಕೂ ಒಂದೇ ಸಿಗ್ನಲ್ ಕೊಟ್ಟು, ಒಂದರ ಔಟ್‌ಪುಟ್‌ನಿಂದ ಇನ್ನೊಂದನ್ನು ಕಳೆದು, ಉಳಿದದ್ದು ಕರಗುವವರೆಗೂ ತನ್ನದರ ಸರ್ಕಿಟ್ ತಿದ್ದುತ್ತ ಹೋದ. ಕೊನೆಗೆ ಉಳಿದ ವ್ಯತ್ಯಾಸ 70 ಡೆಸಿಬೆಲ್ ಕೆಳಗೆ, ಮೂರು ಸಾವಿರದಲ್ಲಿ ಒಂದು ಪಾಲು. ವ್ಯತ್ಯಾಸ ಹುಡುಕಲೆಂದೇ ಕೂತ ಪತ್ರಿಕೆಯ ಪಳಗಿದ ಕಿವಿಗಳು ಎರಡನ್ನೂ ಬೇರೆ ಮಾಡಲಾರದೆ ಒಪ್ಪಿಕೊಂಡವು. ಸರ್ಕಿಟ್ ತಿದ್ದಿದರೆ ದನಿ ಖಂಡಿತ ಬದಲಾಗುತ್ತದೆ, ಆದರೆ ಏನು ತಿದ್ದುತ್ತಿದ್ದೇವೆ ಎಂದು ಅಳೆದು ಗೊತ್ತಿದ್ದಾಗ.

ಮನೆಯಲ್ಲೂ ಪರೀಕ್ಷೆ ಕಷ್ಟವಲ್ಲ. ಬದಲಿಸುವಾಗ ಎಡ ಚಾನೆಲ್‌ನ ಕಂಡೆನ್ಸರ್‌ಗಳನ್ನಷ್ಟೇ ಬದಲಿಸಿ ಬಲದ್ದನ್ನು ಹಾಗೇ ಬಿಡುವುದು. ಹಾಡನ್ನು ಮೋನೊ ಮಾಡಿ, ಎರಡು ಚಾನೆಲ್‌ಗಳನ್ನು ಒಂದೇ ಸ್ಪೀಕರಿಗೆ ಸ್ವಿಚ್ ಮೂಲಕ, ಎರಡೂ ಒಂದಕ್ಕೊಂದು ತಾಗದಂತೆ, ಕಟ್ಟುವುದು. ಮಟ್ಟ ಸಮ ಮಾಡಿ ಸ್ವಿಚ್ಚಿನ ಹತ್ತಿರ ಬೇರೊಬ್ಬರನ್ನು ಕೂರಿಸುವುದು, ಅವರು ನಾಣ್ಯ ಚಿಮ್ಮಿ ಆರಿಸಲಿ. 16 ಸಲ ಕೇಳಿ 12 ಸಲವಾದರೂ ಸರಿ ಹೇಳಿದರೆ ವ್ಯತ್ಯಾಸ ಇದೆ ಎನ್ನಬಹುದು. ಬರೀ ಊಹೆಯಿಂದ ಅಷ್ಟು ಸರಿಬರುವ ಸಂಭವ ನೂರಕ್ಕೆ ನಾಲ್ಕಕ್ಕೂ ಕಡಿಮೆ.

ಕಂಡೆನ್ಸರ್ ಹುಡುಕುವ ಮೊದಲು ನೋಡಬೇಕಾದ ಕಡೆಗಳು ಬೇರೆಯೇ ಇವೆ. ಹಳೆಯ ಮನೆಗಳಲ್ಲಿ ಸಾಕೆಟ್ಟಿನ ಮೂರನೆಯ ತೂತಿಗೆ ಅರ್ಥಿಂಗೇ ಇರುವುದಿಲ್ಲ. ಸೆಟ್‌ಟಾಪ್ ಬಾಕ್ಸು, ಟಿ.ವಿ., ಆಂಪ್ಲಿಫೈಯರ್ ಬೇರೆ ಬೇರೆ ಸಾಕೆಟ್ಟಿನಲ್ಲಿದ್ದು ಕೇಬಲ್ ಮೂಲಕ ಸೇರಿಕೊಂಡಾಗ ಬರುವ ಗುಂಯ್ ಸದ್ದಿಗೆ ಆಂಪ್ಲಿಫೈಯರ್ ಬಿಚ್ಚಿ ಪ್ರಯೋಜನವಿಲ್ಲ. ಮೂರನ್ನೂ ಒಂದೇ ಬೋರ್ಡಿಗೆ ಹಾಕಿದರೆ ಅನೇಕ ಸಲ ನಿಂತೇ ಹೋಗುತ್ತದೆ. ಲೂಸಾದ ಸಾಕೆಟ್, ಧೂಳು ಹಿಡಿದ ವಾಲ್ಯೂಮ್ ಕಂಟ್ರೋಲ್, ಡ್ರೈ ಸೋಲ್ಡರ್ ಇವು ಮೆಕ್ಯಾನಿಕ್ ಮೊದಲು ಕೈಯಿಡುವ ಜಾಗಗಳು. ಇನ್ನು ಕೋಣೆ. 12 ಅಡಿಗೆ 10 ಅಡಿಯ ಹಾಲ್‌ನಲ್ಲಿ ಗೋಡೆಗಳ ನಡುವೆ 47 ಮತ್ತು 56 ಹರ್ಟ್ಸ್‌ ಆಸುಪಾಸಿನ ದನಿಗಳು ಅನುರಣಿಸಿ, ಒಂದು ಮೂಲೆಯಲ್ಲಿ ಬಾಸ್ ಎದೆಗೆ ಬಡಿದರೆ ಕೋಣೆಯ ನಡುವೆ ಮಾಯವಾಗುತ್ತದೆ. ಆ ವ್ಯತ್ಯಾಸ ಹತ್ತಾರು ಡೆಸಿಬೆಲ್‌ನದು. ಸ್ಪೀಕರನ್ನು ಗೋಡೆಯಿಂದ ಎರಡು ಅಡಿ ಮುಂದೆ ತರುವುದಕ್ಕೆ ಸೋಲ್ಡರಿಂಗ್ ಐರನ್ ಬೇಕಿಲ್ಲ.

ಇಷ್ಟೆಲ್ಲ ನೋಡಿಯೂ ಹಳೆಯ ಸೆಟ್ಟಿನ ಕಂಡೆನ್ಸರ್ ಬದಲಿಸಲೇಬೇಕು ಎನಿಸಿದರೆ, ಮೌಲ್ಯ ಹಳೆಯದರಷ್ಟೇ ಇರಲಿ, ವೋಲ್ಟೇಜು ಅಷ್ಟೇ ಅಥವಾ ಹೆಚ್ಚು, ಶಾಖದ ಖಾತರಿ 105 ಡಿಗ್ರಿಯದು. ಮೈಮೇಲಿನ ಪಟ್ಟಿ ನೆಗೆಟಿವ್ ಕಾಲಿನ ಗುರುತು. ತಿರುಗಿಸಿ ಹಾಕಿದರೆ ಸ್ವಿಚ್ ಹಾಕಿದ ಸ್ವಲ್ಪ ಹೊತ್ತಿನಲ್ಲೇ ಪಟಾಕಿ. ವಾಲ್ವ್ ಸೆಟ್ಟಿನ ಫಿಲ್ಟರ್ ಕಂಡೆನ್ಸರ್‌ಗಳು 200, 300 ವೋಲ್ಟ್ ಹಿಡಿದಿರುತ್ತವೆ, ಪ್ಲಗ್ ಕಿತ್ತ ಮೇಲೂ ಬಹಳ ಹೊತ್ತು. ಒಂದೆರಡು ಕಿಲೊಓಮ್‌ನ ದಪ್ಪ ರೆಸಿಸ್ಟರ್ ತಾಗಿಸಿ ಅದನ್ನು ಇಳಿಸಿ, ಮೀಟರಿನಲ್ಲಿ ಸೊನ್ನೆ ನೋಡಿದ ಮೇಲೆಯೇ ಒಳಗೆ ಕೈ ಹಾಕಬೇಕು.